ಅಂಗನವಾಡಿ ಟೀಚರ್ ಕೈಯ ಫೋನು ಮಗುವಿನ ಕಡೆ ತಿರುಗಲಿ

ಮೂರರಿಂದ ಆರು ವರ್ಷದ ಮಕ್ಕಳ ಕಲಿಕೆಗೆ ಡಿಜಿಟಲ್ ತಂತ್ರಜ್ಞಾನ ಬೇಕೇ ಎಂಬ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಪರದೆಯ ಸುತ್ತಲೇ ನಡೆಯುತ್ತದೆ. ಗೋಡೆಗೆ ಸ್ಮಾರ್ಟ್ ಟಿವಿ ಬೇಕೇ, ಮಕ್ಕಳ ಕೈಗೆ ಟ್ಯಾಬ್ ಕೊಡಬಹುದೇ, ದಿನಕ್ಕೆ ಎಷ್ಟು ನಿಮಿಷ ನೋಡಿದರೆ ಹಾನಿಯಿಲ್ಲ ಎಂದು ಕೇಳುತ್ತೇವೆ. ಕೇಳಬೇಕಾದದ್ದೇ. ಆದರೆ ನಾವು ಹೀಗೆ ಕೇಳುತ್ತಿರುವಾಗಲೇ ರಾಜ್ಯದ ಸುಮಾರು 70 ಸಾವಿರ ಅಂಗನವಾಡಿಗಳಿಗೆ ತಂತ್ರಜ್ಞಾನ ಬೇರೊಂದು ದಾರಿಯಿಂದ ಬಂದು ನೆಲೆಯೂರಿದೆ. ಕಾರ್ಯಕರ್ತೆಯ ಕೈಯಲ್ಲಿರುವ ಸ್ಮಾರ್ಟ್‌ಫೋನು ಅದು. ಎಳೆಯ ಮಕ್ಕಳ ಟೀಚರ್ ದಿನವೂ ಬಳಸಲೇಬೇಕಾದ ಡಿಜಿಟಲ್ ಸಾಧನ ಅದೊಂದೇ, ಆದರೆ ಅದರಲ್ಲಿ ನಡೆಯುವ ಕೆಲಸದ ಬಹುಪಾಲು ಮಗುವಿಗೆ ಕಲಿಸುವುದಕ್ಕೆ ಸಂಬಂಧಪಟ್ಟದ್ದಲ್ಲ. ಎಳೆಯರ ತರಗತಿಯಲ್ಲಿ ಯಾವ ಸಾಧನವನ್ನಾದರೂ ಒಂದೇ ಅಳತೆಗೋಲಿನಿಂದ ನೋಡಬೇಕು ಎಂಬುದು ನನ್ನ ವಾದ: ಟೀಚರೂ ಮಗುವೂ ಮುಖಕ್ಕೆ ಮುಖ ಕೊಟ್ಟು ಮಾತಾಡುವ ಹೊತ್ತು ಅದರಿಂದ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ? ಈ ಅಳತೆಗೆ ಹಚ್ಚಿದರೆ ಇವತ್ತಿನ ಅಂಗನವಾಡಿಯ ಫೋನು ಮಗುವಿನ ಪಾಲಿನ ಹೊತ್ತನ್ನು ತಿನ್ನುತ್ತಿದೆ. ಅದೇ ಫೋನನ್ನು ಮಗುವಿನ ಕೆಲಸಕ್ಕೆ ಹಚ್ಚುವುದು ಸಾಧ್ಯವೂ ಇದೆ, ಅದಕ್ಕೆ ಹೆಚ್ಚು ಹಣವೂ ಬೇಕಿಲ್ಲ.

ಫೋನಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ತಂದಿತು. ಅದಕ್ಕೂ ಮುಂಚೆ ಕರ್ನಾಟಕದಲ್ಲಿ ‘ಸ್ನೇಹ’ ಎಂಬ ಆ್ಯಪ್ ಇತ್ತು. ಕೇಂದ್ರ ತೆರೆದಿದ್ದನ್ನು ದಾಖಲಿಸುವುದು, ಮಕ್ಕಳ ಹಾಜರಿ ಹಾಕುವುದು, ಊಟ ಬಡಿಸಿದ್ದನ್ನು ನಮೂದಿಸುವುದು, ತಿಂಗಳಿಗೊಮ್ಮೆ ಪ್ರತಿ ಮಗುವಿನ ತೂಕ, ಎತ್ತರ ತುಂಬುವುದು, ಗರ್ಭಿಣಿ ಬಾಣಂತಿಯರ ಮನೆ ಭೇಟಿಯ ವಿವರ ಕೊಡುವುದು ಎಲ್ಲವೂ ಈಗ ಪೋಷಣ್ ಟ್ರ್ಯಾಕರ್‌ನಲ್ಲೇ ಆಗಬೇಕು. 2025ರ ಜುಲೈನಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಪಡೆಯುವವರ ಮುಖವನ್ನು ಕ್ಯಾಮೆರಾ ಗುರುತಿಸುವುದೂ ಕಡ್ಡಾಯವಾಯಿತು. ಆಧಾರ್ ಜೊತೆ ಇ–ಕೆವೈಸಿ ಆಗಬೇಕು, ಒಟಿಪಿ ಬರಬೇಕು, ಫೋಟೊ ಹೊಂದಬೇಕು. ಒಟಿಪಿ ಹೋಗುವ ನಂಬರಿನ ಫೋನು ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋದ ಗಂಡನ ಜೇಬಿನಲ್ಲಿದ್ದರೆ ಬಾಗಿಲಲ್ಲಿ ನಿಂತ ತಾಯಿ ಕಾಯಬೇಕು, ಅವಳ ಜೊತೆಗೆ ಟೀಚರೂ ಕಾಯಬೇಕು. ಸರ್ವರ್ ನಿಧಾನ, ನೆಟ್‌ವರ್ಕ್ ಇಲ್ಲ, ಹೆರಿಗೆಯ ನಂತರ ಬದಲಾದ ಮುಖವನ್ನು ಹಳೆಯ ಫೋಟೊ ಒಪ್ಪುತ್ತಿಲ್ಲ ಎಂಬ ದೂರುಗಳು ಮಲೆನಾಡಿನಿಂದಲೂ ಬರುತ್ತವೆ, ಬಯಲುಸೀಮೆಯಿಂದಲೂ ಬರುತ್ತವೆ. ಇದೆಲ್ಲ ನಡೆಯುವುದು ಯಾವಾಗ? ಇಪ್ಪತ್ತು ಇಪ್ಪತ್ತೈದು ಮಕ್ಕಳು ಚಾಪೆಯ ಮೇಲೆ ಕೂತಿರುವ ಬೆಳಗಿನ ಹೊತ್ತಿನಲ್ಲಿ. ಸಹಾಯಕಿ ಒಲೆಯ ಮುಂದಿರುತ್ತಾಳೆ. ತರಗತಿ ಎಂಬ ಹೆಸರಿನಲ್ಲಿ ಉಳಿಯುವುದು ಮಕ್ಕಳು ಮತ್ತು ಅವರ ಕಡೆ ನೋಡಲು ಬಿಡುವಿಲ್ಲದ ಒಬ್ಬ ಹೆಂಗಸು.

ದಾಖಲೆಯೇ ಬೇಡ ಎನ್ನುವವನಲ್ಲ ನಾನು. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕ್‌ಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಅವುಗಳಲ್ಲಿ ನಮ್ಮ ತಿ. ನರಸೀಪುರವೂ ಒಂದಾಗಿತ್ತು. ಅಲ್ಲಿಂದ ಇಲ್ಲಿಯವರೆಗೆ ಅಪೌಷ್ಟಿಕತೆಯ ಲೆಕ್ಕ ಸರಿಯಾಗಿ ಸಿಗದೆ ಎಷ್ಟು ಮಕ್ಕಳ ಸಂಕಟ ಮೇಲಿನವರ ಕಣ್ಣಿಗೆ ಬೀಳದೆ ಹೋಗಿದೆ, ಆಹಾರ ಎಲ್ಲೆಲ್ಲಿ ಸೋರಿದೆ ಎಂಬುದು ಗೊತ್ತಿರುವ ಸಂಗತಿ. ಆ್ಯಪ್ ಬೆಂಬಲಿಸುವವರ ವಾದದಲ್ಲಿ ಹುರುಳಿದೆ. ಕಾರ್ಯಕರ್ತೆ ಬರೆಯಬೇಕಿದ್ದ 11 ರಿಜಿಸ್ಟರ್‌ಗಳ ಜಾಗಕ್ಕೆ ಒಂದು ಫೋನು ಬಂದರೆ ಹೊತ್ತು ಉಳಿಯಬೇಕು, ತೂಕ ಕಡಿಮೆ ಇರುವ ಮಗುವಿನ ಹೆಸರು ಅದೇ ದಿನ ತಾಲ್ಲೂಕಿಗೆ ಗೊತ್ತಾಗಬೇಕು. ಆದರೆ ಆ ಉಳಿತಾಯ ಆಗಬೇಕಾದರೆ ಪುಸ್ತಕ ನಿಜಕ್ಕೂ ಮುಚ್ಚಬೇಕು. ಹಲವು ಕಡೆ ರಿಜಿಸ್ಟರೂ ಉಳಿದಿದೆ, ಆ್ಯಪೂ ಬಂದಿದೆ, ಅದರ ಮೇಲೆ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಹಾಕುವ ಕೆಲಸವೂ ಸೇರಿದೆ. ಮಹಾರಾಷ್ಟ್ರದ ಕಾರ್ಯಕರ್ತೆಯರು 2021ರಲ್ಲಿ ಕಳಪೆ ಫೋನುಗಳನ್ನು ಇಲಾಖೆಗೇ ಹಿಂದಿರುಗಿಸಿ ಪ್ರತಿಭಟಿಸಿದರು, ತಮ್ಮ ಭಾಷೆಯಲ್ಲಿ ಇಲ್ಲದ ಆ್ಯಪ್ ವಿರುದ್ಧ ಬಾಂಬೆ ಹೈಕೋರ್ಟಿಗೂ ಹೋದರು. ಅವರ ತಕರಾರು ತಂತ್ರಜ್ಞಾನದ ಮೇಲಿರಲಿಲ್ಲ. ಯಾರ ಅನುಕೂಲಕ್ಕಾಗಿ ಅದನ್ನು ಮಾಡಿದ್ದಾರೆ ಎಂಬುದರ ಮೇಲಿತ್ತು. ಮಾಹಿತಿ ಬೇಕೆನ್ನುವ ಮೇಲಧಿಕಾರಿಯ ಅಗತ್ಯ ನಿಜವಾದದ್ದೇ ಇರಬಹುದು. ಆ ಅಗತ್ಯಕ್ಕೆ ತಗಲುವ ಹೊತ್ತನ್ನು ನಾಲ್ಕು ವರ್ಷದ ಮಗು ತನ್ನ ಕಲಿಕೆಯಿಂದ ಕೊಡುತ್ತಿದೆ ಎಂಬುದನ್ನು ಮಾತ್ರ ಯಾವ ಡ್ಯಾಶ್‌ಬೋರ್ಡೂ ತೋರಿಸುವುದಿಲ್ಲ.

ಮುಖಾಮುಖಿ ಮಾತಿಗೆ ಇಷ್ಟು ಬೆಲೆ ಕಟ್ಟುವುದೇಕೆ? ಭಾವುಕತೆಯಿಂದಲ್ಲ. ಎಳೆಯ ಮೆದುಳು ಕಲಿಯುವ ರೀತಿಯ ಬಗ್ಗೆ ಸಿಕ್ಕಿರುವ ಗಟ್ಟಿ ಪುರಾವೆಗಳೇ ಹಾಗೆ ಹೇಳುತ್ತವೆ. 2003ರಲ್ಲಿ ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಟವಾಡಿಸುತ್ತ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಹಿಡಿದವು. ಅವೇ ವ್ಯಕ್ತಿಗಳ ಅವೇ ಮಾತುಗಳನ್ನು ವಿಡಿಯೊದಲ್ಲಿ ತೋರಿಸಿದಾಗ ಏನನ್ನೂ ಕಲಿಯಲಿಲ್ಲ. ಕೂಸಿನ ವಿಷಯ ಬೇರೆ, ನಾಲ್ಕೈದು ವರ್ಷದ ಮಗುವಿನ ವಿಷಯ ಬೇರೆ ಎನ್ನಬಹುದು. 2018ರಲ್ಲಿ ರೇಚಲ್ ರೋಮಿಯೊ ಮತ್ತಿತರರು ನಾಲ್ಕರಿಂದ ಆರು ವರ್ಷದ ಮಕ್ಕಳ ಮನೆಮಾತನ್ನು ರೆಕಾರ್ಡ್ ಮಾಡಿ, ಮೆದುಳಿನ ಸ್ಕ್ಯಾನ್ ಜೊತೆ ಇಟ್ಟು ನೋಡಿದರು. ಮಗುವಿನ ಕಿವಿಗೆ ಒಟ್ಟು ಎಷ್ಟು ಪದ ಬಿತ್ತು ಎಂಬುದಕ್ಕಿಂತ, ದೊಡ್ಡವರೂ ಮಗುವೂ ಎಷ್ಟು ಬಾರಿ ಸರದಿಯ ಮೇಲೆ ಮಾತು ಕೊಟ್ಟು ತೆಗೆದುಕೊಂಡರು ಎಂಬುದಕ್ಕೂ ಮೆದುಳಿನ ಭಾಷಾಕೇಂದ್ರದ ಚಟುವಟಿಕೆಗೂ ಹೆಚ್ಚಿನ ನಂಟು ಕಂಡಿತು. ಮಗು ಒಂದು ಮಾತು ಆಡುತ್ತದೆ, ಟೀಚರ್ ಅದನ್ನು ಹಿಡಿದು ಇನ್ನೊಂದು ಪ್ರಶ್ನೆ ಹಾಕುತ್ತಾರೆ, ಮಗು ಯೋಚಿಸಿ ಮತ್ತೊಂದು ಹೇಳುತ್ತದೆ. ಈ ಹಗ್ಗಜಗ್ಗಾಟದಲ್ಲಿ ಭಾಷೆ ಬೆಳೆಯುತ್ತದೆ, ಲೆಕ್ಕ ಬೆಳೆಯುತ್ತದೆ, ತಾಳ್ಮೆಯೂ ಬೆಳೆಯುತ್ತದೆ. ಪರದೆ ಮಗುವಿಗೆ ಹೇಳಬಲ್ಲದು. ಆದರೆ ಮಗು ತೊದಲಿದ್ದನ್ನು ಕೇಳಿಸಿಕೊಂಡು, ಅದರ ಮನೆಯ ಆಡು, ಅದರ ಅಜ್ಜಿ, ನಿನ್ನೆಯ ಜಾತ್ರೆ ಎಲ್ಲವನ್ನೂ ನೆನಪಿಟ್ಟು ಉತ್ತರ ಕೊಡುವುದು ಅದರಿಂದ ಆಗದು.

ಈ ಹಿನ್ನೆಲೆಯಲ್ಲಿ ಗೋಡೆಯ ಪರದೆಗೆ ಬರೋಣ. ‘ಸಕ್ಷಮ್ ಅಂಗನವಾಡಿ’ ಯೋಜನೆಯಲ್ಲಿ ದೇಶದ 2 ಲಕ್ಷ ಕೇಂದ್ರಗಳಿಗೆ ಎಲ್‌ಇಡಿ ಪರದೆ, ವೈಫೈ ಮುಂತಾದವನ್ನು ಕೊಡುವ ಉದ್ದೇಶವಿದೆ. ನೀರು ಶುದ್ಧೀಕರಿಸುವ ಯಂತ್ರವೂ ಅದೇ ಯೋಜನೆಯಲ್ಲಿದೆ, ಅದಕ್ಕೆ ನನ್ನ ಪೂರ್ಣ ಒಪ್ಪಿಗೆ. ಪರದೆಯ ಬಗ್ಗೆ ಮಾತ್ರ ಎಚ್ಚರ ಬೇಕು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕೂತು ನೋಡುವ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಎರಡರಿಂದ ಐದು ವರ್ಷದವರಿಗೆ ಹೆಚ್ಚೆಂದರೆ ಒಂದು ಗಂಟೆ, ಅದೂ ದೊಡ್ಡವರ ಜೊತೆಗೆ ಎನ್ನುತ್ತದೆ. ಇವತ್ತು ಹಳ್ಳಿಯ ಮನೆಯಲ್ಲೂ ಮಗು ಊಟ ಮಾಡುವಾಗಲೇ ಆ ಒಂದು ಗಂಟೆಯನ್ನು ಮೊಬೈಲಿನಲ್ಲಿ ಕಳೆದಿರಬಹುದು. ಹಾಗಾದರೆ ಅಂಗನವಾಡಿಯ ಪಾಲಿಗೆ ಎಷ್ಟು ಉಳಿಯಿತು? 2020ರ ಜೂನ್‌ನಲ್ಲಿ, ಕೋವಿಡ್ ಕಾಲದಲ್ಲಿ, ಕರ್ನಾಟಕ ಸರ್ಕಾರ ಎಲ್‌ಕೆಜಿಯಿಂದ ಐದನೇ ತರಗತಿವರೆಗಿನ ಆನ್‌ಲೈನ್ ಪಾಠವನ್ನೇ ನಿಷೇಧಿಸಿತ್ತು. ಮರುತಿಂಗಳು ಹೈಕೋರ್ಟ್ ಶಿಕ್ಷಣದ ಹಕ್ಕನ್ನು ಎತ್ತಿ ಹಿಡಿದು ಅದಕ್ಕೆ ತಡೆ ಕೊಟ್ಟಿತು. ಶಾಲೆ ಮುಚ್ಚಿದ್ದಾಗ ಪರದೆಯೇ ಗತಿ ಎಂಬ ಮಾತಿಗೆ ಅರ್ಥವಿತ್ತು. ಟೀಚರ್ ಎದುರಿಗೇ ಇರುವಾಗ, ಅವರ ಬದಲು ಪರದೆ ಮಾತಾಡಲಿ ಎನ್ನುವುದಕ್ಕೆ ಆ ಅರ್ಥವಿಲ್ಲ. ಟೀಚರ್ ಆ್ಯಪ್ ತುಂಬುತ್ತಿರುವಾಗ ಮಕ್ಕಳು ಗಲಾಟೆ ಮಾಡದಿರಲೆಂದು ಟಿವಿ ಹಚ್ಚುವ ಸ್ಥಿತಿ ಬಂದರೆ, ಮೊದಲ ಸಾಧನ ಕಸಿದ ಹೊತ್ತನ್ನು ಎರಡನೆಯ ಸಾಧನ ಮರೆಮಾಚಿದಂತಾಗುತ್ತದೆ. ನನ್ನ ಆತಂಕವೆಲ್ಲ ಇದೇ.

ಇದಕ್ಕೆ ಭಾಷೆಯ ಇನ್ನೊಂದು ಮಗ್ಗುಲಿದೆ, ಕರ್ನಾಟಕದಲ್ಲಿ ಇದು ಸಣ್ಣ ವಿಷಯವಲ್ಲ. ವಿಜಯಪುರದ ತಾಂಡಾದ ಮಗು ಲಂಬಾಣಿ ಮಾತಾಡುತ್ತ ಅಂಗನವಾಡಿಗೆ ಬರುತ್ತದೆ. ಬಂಟ್ವಾಳದ ಮಗುವಿನ ಬಾಯಲ್ಲಿ ತುಳು ಅಥವಾ ಬ್ಯಾರಿ, ಕಾರವಾರದಲ್ಲಿ ಕೊಂಕಣಿ, ಕೋಲಾರದಲ್ಲಿ ತೆಲುಗು, ಕಲಬುರಗಿಯ ಎಷ್ಟೋ ಓಣಿಗಳಲ್ಲಿ ಉರ್ದು. ಕನ್ನಡವನ್ನೇ ಆಡುವ ಮಗುವಿನ ಕನ್ನಡವೂ ಧಾರವಾಡದ್ದು ಒಂದು, ಚಾಮರಾಜನಗರದ್ದು ಇನ್ನೊಂದು. ಬುನಾದಿ ಹಂತಕ್ಕಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮನೆಮಾತಿನಿಂದಲೇ ಕಲಿಕೆ ಶುರುವಾಗಲಿ ಎನ್ನುತ್ತದೆ. ಯೂಟ್ಯೂಬಿನಿಂದ ಇಳಿಸಿಕೊಂಡ ರೈಮ್ಸ್‌ಗೆ ಈ ವ್ಯತ್ಯಾಸ ಗೊತ್ತಿಲ್ಲ. ಇಂಗ್ಲಿಷ್ ಪದ್ಯವೋ, ಯಾವುದೋ ಸ್ಟುಡಿಯೊದ ನಯವಾದ ಕನ್ನಡವೋ ಎಲ್ಲ ಕಡೆ ಒಂದೇ ದನಿಯಲ್ಲಿ ಹರಿಯುತ್ತದೆ. ಅದೇ ಊರಿನ ಟೀಚರ್ ಮಾತ್ರ ಮಗು ‘ಪಾಣಿ’ ಎಂದಾಗ ನೀರು ಕೊಟ್ಟು, ‘ನೀರು’ ಎಂಬ ಮಾತನ್ನೂ ಅದರ ಪಕ್ಕಕ್ಕೆ ಇಡಬಲ್ಲಳು. ಅಂಗನವಾಡಿ ಕಾರ್ಯಕರ್ತೆ ಆಯಾ ಊರಿನವಳೇ ಆಗಿರಬೇಕೆಂಬ ನಿಯಮದ ಹಿಂದಿನ ಬಲ ಇದೇ. ಇದನ್ನು ಪಕ್ಕಕ್ಕಿಟ್ಟು ಎಲ್ಲರಿಗೂ ಒಂದೇ ವಿಡಿಯೊ ಹಂಚಿದರೆ ಇರುವ ಸಂಪತ್ತನ್ನು ನಾವೇ ಕಳೆದುಕೊಳ್ಳುತ್ತೇವೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಪೇಟೆಯ ಕಾನ್ವೆಂಟಿನ ಮಗು ಸ್ಮಾರ್ಟ್ ಬೋರ್ಡಿನ ಮುಂದೆ ಕೂತಿರುವಾಗ ಬಡವರ ಮಕ್ಕಳಿಗೆ ಮಾತ್ರ ಪರದೆ ಬೇಡ ಎನ್ನುವುದು ಅನ್ಯಾಯವಲ್ಲವೇ? ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ಶುರುವಾದಾಗ ತಮ್ಮ ಕೇಂದ್ರಗಳು ಖಾಲಿಯಾಗುತ್ತವೆಂದು ಕಾರ್ಯಕರ್ತೆಯರು 2024ರಲ್ಲಿ ಬೀದಿಗಿಳಿದರು. ಅಂಗನವಾಡಿ ಎಂದರೆ ಉಪ್ಪಿಟ್ಟು, ಮೊಟ್ಟೆ ಕೊಡುವ ಜಾಗ, ಕಲಿಸುವುದು ಬೇರೆ ಕಡೆ ಎಂಬ ತಂದೆತಾಯಿಯರ ಭಾವನೆಯನ್ನು ಬದಲಿಸಲು ಒಂದು ಟಿವಿ ನೆರವಾಗುತ್ತದೆ ಎಂದು ಅಧಿಕಾರಿಗಳು ನಂಬಿದರೆ ಅದು ಅರ್ಥವಾಗುವಂಥದ್ದೇ. ಸಮಾನತೆಯ ಈ ಹಂಬಲವನ್ನು ನಾನು ಗೌರವಿಸುತ್ತೇನೆ. ಆದರೆ ಸಮಾನವಾಗಿ ಸಿಗಬೇಕಾದದ್ದು ಯಾವುದು ಎಂಬುದನ್ನು ನೋಡಬೇಕು. ಸ್ವೀಡನ್ ಬಡ ದೇಶವಲ್ಲ, ತಂತ್ರಜ್ಞಾನಕ್ಕೆ ಹೆದರುವ ದೇಶವೂ ಅಲ್ಲ. ಅಲ್ಲಿ ಶಿಶುವಿಹಾರಗಳ ಪಠ್ಯಕ್ರಮದಲ್ಲೇ ಡಿಜಿಟಲ್ ಸಾಧನಗಳನ್ನು ಸೇರಿಸಿದ್ದರು. 2023ರಲ್ಲಿ ಅಲ್ಲಿನ ಸರ್ಕಾರ ಆ ಕಡ್ಡಾಯವನ್ನು ಕೈಬಿಡುವುದಾಗಿ ಹೇಳಿ ಪುಸ್ತಕದ ಕಡೆಗೆ ಹಣ ತಿರುಗಿಸಿತು. ಉಳ್ಳವರು ಬಳಸಿ ನೋಡಿ ಹಿಂದೆ ಸರಿಯುತ್ತಿರುವುದನ್ನು ಇಲ್ಲದವರಿಗೆ ಪ್ರಗತಿಯೆಂದು ಹಂಚುವುದು ನ್ಯಾಯವಾಗಲಾರದು. ಪೇಟೆಯ ಅನುಕೂಲಸ್ಥ ಮಗುವಿಗೆ ಸಿಗುತ್ತಿರುವ ದೊಡ್ಡ ಲಾಭ ಸ್ಮಾರ್ಟ್ ಬೋರ್ಡಿನದ್ದಲ್ಲ. ಮನೆಯಲ್ಲಿ ಓದು ಬಲ್ಲ ದೊಡ್ಡವರು, ಚಿತ್ರದ ಪುಸ್ತಕಗಳು, ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಬಿಡುವು, ಇವುಗಳದ್ದು. ಅಂಗನವಾಡಿ ತುಂಬಿಕೊಡಬೇಕಾದ ಕೊರತೆ ಇದು.

ಇನ್ನೊಂದು ಆಕ್ಷೇಪ ಸಂಶೋಧನೆಯ ಕಡೆಯಿಂದಲೇ ಬರುತ್ತದೆ, ಅದನ್ನು ಮುಚ್ಚಿಡಬಾರದು. ಆಫ್ರಿಕಾದ ಮಲಾವಿಯಲ್ಲಿ ಮೊದಲ ಮೂರು ತರಗತಿಗಳ ಮಕ್ಕಳಿಗೆ ಅವರದೇ ಚಿಚೆವಾ ಭಾಷೆಯಲ್ಲಿ ಟ್ಯಾಬ್ ಮೂಲಕ ಲೆಕ್ಕ ಕಲಿಸಿದಾಗ ಒಳ್ಳೆಯ ಫಲ ಸಿಕ್ಕಿತು. ದೆಹಲಿಯಲ್ಲಿ ಆರನೆಯ ತರಗತಿಯಿಂದ ಮೇಲಿನವರಿಗೆ, ಪ್ರತಿ ಮಗುವಿನ ಮಟ್ಟಕ್ಕೆ ಹೊಂದಿಕೊಳ್ಳುವ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವೂ ಫಲ ಕೊಟ್ಟಿತು. ತಂತ್ರಜ್ಞಾನದಿಂದ ಯಾರೂ ಕಲಿಯುವುದಿಲ್ಲ ಎಂದು ಹೇಳಿದರೆ ಅದು ಸುಳ್ಳು. ಆದರೆ ಆ ಮಕ್ಕಳು ಶಾಲೆಯ ವಯಸ್ಸಿನವರು. ಮಲಾವಿಯ ತರಗತಿಗಳಲ್ಲಿ ಒಬ್ಬ ಟೀಚರ್ ಮುಂದೆ ಅರವತ್ತು ಎಪ್ಪತ್ತಕ್ಕೂ ಹೆಚ್ಚು ಮಕ್ಕಳು ಕೂರುವುದು ಸಾಮಾನ್ಯ, ಅಲ್ಲಿ ಟ್ಯಾಬ್ ಯಾವ ಸಂವಾದವನ್ನೂ ಕಸಿಯಲಿಲ್ಲ, ಇಲ್ಲದ ಜಾಗವನ್ನು ತುಂಬಿತು. ಎಳೆಯರ ಕಥೆಪುಸ್ತಕಗಳ ಮಟ್ಟಿಗೆ 2021ರಲ್ಲಿ ಪ್ರಕಟವಾದ, 39 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ ಹೆಚ್ಚು ಬೆಳಕು ಚೆಲ್ಲುತ್ತದೆ. ಒಂದರಿಂದ ಎಂಟು ವರ್ಷದ ಮಕ್ಕಳು ಅದೇ ಕಥೆಯನ್ನು ಕಾಗದದಲ್ಲಿ ಓದಿಸಿಕೊಂಡಾಗ ಪರದೆಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ಕಥೆಯ ಅರ್ಥಕ್ಕೇ ನೆರವಾಗುವಂತೆ ರೂಪಿಸಿದ ಡಿಜಿಟಲ್ ಪುಸ್ತಕಗಳು ಮಾತ್ರ ಕಾಗದವನ್ನು ಮೀರಿದವು. ಮಿನುಗುವ ಚಿತ್ರ, ಒತ್ತಿದರೆ ಕೂಗುವ ಹಸು ಇವೆಲ್ಲ ಕಥೆಯ ಎಳೆಯಿಂದ ಮಗುವನ್ನು ಆಚೆ ಎಳೆಯುತ್ತವೆ. ಒಳ್ಳೆಯದನ್ನು ಆರಿಸಿ ಕೊಡಲು ಪಳಗಿದ ಕಣ್ಣು ಬೇಕು. ಅಂದರೆ ಮತ್ತೆ ಟೀಚರ್ ಬೇಕು, ಅವರಿಗೆ ಬಿಡುವು ಬೇಕು.

ಹಾಗಾದರೆ ಅವರು ಈ ಫೋನಿನಿಂದ ಏನು ಮಾಡಬಹುದು? ಇಟಲಿಯ ರೆಜ್ಜಿಯೊ ಎಮಿಲಿಯಾ ಊರಿನ ಶಿಶುಶಾಲೆಗಳಲ್ಲಿ, ಲೋರಿಸ್ ಮಲಗುಟ್ಸಿ ಕಟ್ಟಿದ ಪರಂಪರೆಯಲ್ಲಿ, ಟೀಚರ್ ಮಗುವಿನ ಮಾತನ್ನು ಬರೆದುಕೊಳ್ಳುತ್ತಾರೆ, ರೆಕಾರ್ಡ್ ಮಾಡುತ್ತಾರೆ, ಅದು ಕಟ್ಟಿದ್ದನ್ನು, ಬರೆದದ್ದನ್ನು ಫೋಟೊ ತೆಗೆದು ಗೋಡೆಗೆ ಹಚ್ಚುತ್ತಾರೆ. ನ್ಯೂಜಿಲೆಂಡಿನಲ್ಲಿ ಮಾರ್ಗರೆಟ್ ಕಾರ್ ರೂಪಿಸಿದ ‘ಕಲಿಕೆಯ ಕಥೆಗಳು’ ಎಂಬ ಪದ್ಧತಿಯಲ್ಲಿ ಒಂದು ಮಗು ಒಂದು ದಿನ ಮಾಡಿದ ಒಂದು ಕೆಲಸವನ್ನು ಟೀಚರ್ ಕಥೆಯಂತೆ ಬರೆದು, ಫೋಟೊ ಸೇರಿಸಿ, ಮಗುವಿಗೂ ಮನೆಯವರಿಗೂ ಓದಿ ಹೇಳುತ್ತಾರೆ. ನಮ್ಮ ಅಂಗನವಾಡಿಯಲ್ಲೂ ದಿನವೂ ಫೋಟೊ ತೆಗೆಯುತ್ತಾರೆ. ಅದು ಮೇಲ್ವಿಚಾರಕಿಗೆ, ಅಲ್ಲಿಂದ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ, ಅಲ್ಲಿಂದ ಇನ್ನೂ ಮೇಲಕ್ಕೆ ಹೋಗುತ್ತದೆ. ಚಟುವಟಿಕೆ ನಡೆದಿದೆ ಎಂಬುದಕ್ಕೆ ಸಾಕ್ಷಿ ಅದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಯಲ್ಲಿ ಆಟಿಕೆ ಹಿಡಿಸಿ ತೆಗೆದ ಫೋಟೊಗಾಗಿ ಆಟವೇ ನಿಂತುಹೋಗುತ್ತದೆ. ಅದೇ ಕ್ಯಾಮೆರಾದಿಂದ, ಹುಣಸೆಬೀಜ ಜೋಡಿಸಿ ಮನೆ ಮಾಡಿದ ಮಗುವಿನ ಒಂದು ಚಿತ್ರ ತೆಗೆದು, ಸಂಜೆ ಕರೆದೊಯ್ಯಲು ಬಂದ ತಾಯಿಗೆ ತೋರಿಸಿ, ‘ನಿಮ್ಮ ಹುಡುಗಿ ಬಾಗಿಲು ಎಲ್ಲಿಡಬೇಕಂತ ಎಷ್ಟು ಯೋಚನೆ ಮಾಡಿದಳು ನೋಡಿ ಅಕ್ಕ’ ಎಂದರೆ ಆ ಫೋಟೊ ಮೂರು ಜನರ ನಡುವೆ ಮಾತು ಹುಟ್ಟಿಸುತ್ತದೆ. ಮರುದಿನ ಅದನ್ನೇ ಮಗುವಿಗೆ ತೋರಿಸಿ, ಈ ಮನೆಯಲ್ಲಿ ಯಾರ್‍ಯಾರು ಇದ್ದಾರೆ ಎಂದು ಕೇಳಬಹುದು. ಸಾಧನ ಅದೇ, ಚಿತ್ರವೂ ಅದೇ, ಅದು ಹೋಗುವ ದಿಕ್ಕು ಬದಲಾಗಿದೆ. ಮಕ್ಕಳ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆಂಬ ತತ್ವವನ್ನು ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಒಪ್ಪಿಕೊಂಡಿದೆ. ಎಳೆಯ ಮಕ್ಕಳ ಮುಖಗಳು ಹತ್ತಾರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವುದು ನಿಲ್ಲಬೇಕೆನ್ನಲು ಅದೂ ಒಂದು ಕಾರಣ.

ಟೀಚರ್ ತಯಾರಿಗೂ ಫೋನು ಒಳ್ಳೆಯ ಜೊತೆಗಾರ ಆಗಬಲ್ಲದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಎಷ್ಟೋ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಹಿಂದಿನ ದಿನ ಒಂದನ್ನು ಓದಿಕೊಂಡು, ಮರುದಿನ ಫೋನನ್ನು ಚೀಲದಲ್ಲಿಟ್ಟು ಬಾಯಿಂದ ಹೇಳುವ ಟೀಚರ್ ತಂತ್ರಜ್ಞಾನವನ್ನು ಅತ್ಯುತ್ತಮವಾಗಿ ಬಳಸಿದಂತೆಯೇ ಸರಿ, ಮಕ್ಕಳು ಪರದೆಯನ್ನು ನೋಡದಿದ್ದರೂ. ತಾಂಡಾದ ಅಜ್ಜಿ ಹಾಡುವ ಲಾಲಿಯನ್ನು ರೆಕಾರ್ಡ್ ಮಾಡಿಕೊಂಡು ಮಲಗುವ ಹೊತ್ತಿಗೆ ಕೇಳಿಸಬಹುದು. ಕೇಳುವ ಸಾಧನಕ್ಕೆ ಪರದೆಗಿಲ್ಲದ ಒಂದು ಗುಣವಿದೆ: ಅದು ಮಗುವಿನ ಕಣ್ಣು ಮತ್ತು ಕೈಗಳನ್ನು ಬಿಡುವಾಗಿಡುತ್ತದೆ. ಆಕಾಶವಾಣಿಯಲ್ಲಿ ನಮ್ಮ ಪ್ರಾಥಮಿಕ ಶಾಲೆಗಳಿಗಾಗಿ ಬರುತ್ತಿದ್ದ ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಕಾರ್ಯಕ್ರಮಗಳ ಅನುಭವ ರಾಜ್ಯಕ್ಕೆ ಇದೆ. ಮಾತು ಬಾರದ, ಕಿವಿ ಮಂದವಾದ, ಆಟಿಸಂ ಇರುವ ಮಕ್ಕಳ ವಿಷಯಕ್ಕೆ ಬಂದರೆ ನನ್ನ ಅಳತೆಗೋಲೇ ಪರದೆಯನ್ನು ಬೇಕು ಎನ್ನುತ್ತದೆ. ಚೆನ್ನೈನಲ್ಲಿ ಹುಟ್ಟಿದ ಆವಾಜ್‌ನಂಥ ಆ್ಯಪ್‌ನಲ್ಲಿ ಮಗು ಚಿತ್ರ ಒತ್ತಿದರೆ ಅದು ಮಾತಾಗಿ ಹೊರಬರುತ್ತದೆ, ಎದುರಿಗಿದ್ದವರು ಉತ್ತರ ಕೊಡುತ್ತಾರೆ. ಅಲ್ಲಿ ಪರದೆ ಸಂವಾದದ ಬಾಗಿಲನ್ನೇ ತೆರೆಯುತ್ತಿದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕೇಂದ್ರ ನಮ್ಮಲ್ಲೇ ಇರುವಾಗ, ಇಂಥ ಮಗುವನ್ನು ಬೇಗ ಗುರುತಿಸಿ ತಜ್ಞರ ಬಳಿ ತಲುಪಿಸಲು ಫೋನನ್ನು ಬಳಸುವ ತರಬೇತಿಯನ್ನು ಪ್ರತಿ ಕಾರ್ಯಕರ್ತೆಗೂ ಕೊಡಬಹುದು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಫೋನಿನಿಂದ ಕೆಲವು ನಿಮಿಷ ಬಿಡಿಸಿಕೊಟ್ಟ ಮಾತ್ರಕ್ಕೆ ಕಲಿಕೆ ನಿಜಕ್ಕೂ ಹೆಚ್ಚುತ್ತದೆಯೇ? ಇದಕ್ಕೆ ಉತ್ತರ ನೆರೆಯ ತಮಿಳುನಾಡಿನಲ್ಲಿದೆ. ಅಲೆಹಾಂಡ್ರೊ ಗನಿಮಿಯನ್, ಕಾರ್ತಿಕ್ ಮುರಳೀಧರನ್, ಕ್ರಿಸ್ಟೋಫರ್ ವಾಲ್ಟರ್ಸ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ 640 ಅಂಗನವಾಡಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಅವುಗಳಲ್ಲಿ ಅರ್ಧದಷ್ಟು ಕೇಂದ್ರಗಳನ್ನು ಚೀಟಿ ಎತ್ತಿದಂತೆ ಆರಿಸಿ, ಶಾಲಾಪೂರ್ವ ಕಲಿಕೆಯನ್ನಷ್ಟೇ ನೋಡಿಕೊಳ್ಳುವ ಅರೆಕಾಲಿಕ ಕಾರ್ಯಕರ್ತೆಯೊಬ್ಬರನ್ನು ಹೆಚ್ಚುವರಿಯಾಗಿ ಕೊಟ್ಟರು. ಅಲ್ಲಿ ಮಕ್ಕಳಿಗೆ ಕಲಿಸುವ ಹೊತ್ತು ಸುಮಾರು ಎರಡು ಪಟ್ಟಾಯಿತು. ಒಂದೂವರೆ ವರ್ಷದ ನಂತರ ನೋಡಿದರೆ ಲೆಕ್ಕದಲ್ಲೂ ಭಾಷೆಯಲ್ಲೂ ಆ ಮಕ್ಕಳು ಸ್ಪಷ್ಟವಾಗಿ ಮುಂದಿದ್ದರು. ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಫಲಿತಾಂಶ: ಆ ಕೇಂದ್ರಗಳಲ್ಲಿ ಮಕ್ಕಳ ಕುಂಠಿತ ಬೆಳವಣಿಗೆಯೂ ತೀವ್ರ ಅಪೌಷ್ಟಿಕತೆಯೂ ಕಡಿಮೆಯಾಗಿದ್ದವು, ಏಕೆಂದರೆ ಹಳೆಯ ಕಾರ್ಯಕರ್ತೆಗೆ ಪೋಷಣೆಯ ಕೆಲಸಕ್ಕೆ ಬಿಡುವು ಸಿಕ್ಕಿತ್ತು. ಆ್ಯಪ್ ಇರುವುದು ಅಪೌಷ್ಟಿಕತೆ ತಗ್ಗಿಸಲು ಎನ್ನುವವರು ಇದನ್ನು ಗಮನಿಸಬೇಕು. ಕಡಿಮೆ ತೂಕದ ಮಗುವನ್ನು ದಾಖಲಿಸುವುದರ ಜೊತೆಗೆ ಅದರ ಪೋಷಣೆಯನ್ನು ನೋಡಿಕೊಳ್ಳಲು ಬಿಡುವಿರುವ ಮನುಷ್ಯರಿದ್ದಾಗ ಫಲ ಸಿಕ್ಕಿತು. ಈ ಹೆಚ್ಚುವರಿ ಸಂಬಳಕ್ಕೆ ಹಣವೆಲ್ಲಿ ಎಂದು ಕೇಳುವವರಿಗೆ, ತಗಲಿದ ವೆಚ್ಚಕ್ಕಿಂತ ಬರುವ ಲಾಭ ಹಲವು ಪಟ್ಟು ಎಂದು ಅದೇ ಅಧ್ಯಯನ ಲೆಕ್ಕ ಹಾಕಿದೆ. ಕೇಂದ್ರದ ಗೌರವಧನ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ ಎಂದು 2018ರಲ್ಲಿ ನಿಗದಿಯಾದದ್ದು. ಇದಕ್ಕೆ ರಾಜ್ಯ ಸೇರಿಸುವ ಪಾಲನ್ನು ಕೂಡಿದರೂ, ಶಿಕ್ಷಕಿ, ದಾದಿ, ಗುಮಾಸ್ತೆ ಮೂವರ ಕೆಲಸವನ್ನು ಒಬ್ಬಳಿಂದ ಮಾಡಿಸಿಕೊಳ್ಳುವುದಕ್ಕೆ ಅದು ಎಳ್ಳಷ್ಟೂ ಸಾಲದು. ಇವರು ಗ್ರಾಚ್ಯುಯಿಟಿಗೆ ಅರ್ಹರು ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಎರಡನೆಯ ಟೀಚರ್ ಬರುವವರೆಗೆ ಕಾಯದೆ ಇಲಾಖೆ ಇವತ್ತೇ ಮಾಡಬಹುದಾದ ಕೆಲಸಗಳಿವೆ. ‘ಪೋಷಣ್ ಭೀ ಪಢಾಯಿ ಭೀ’ ಎಂಬ ಕೇಂದ್ರದ ಕಾರ್ಯಕ್ರಮ 2023ರಿಂದ ದಿನಕ್ಕೆ ಕನಿಷ್ಠ ಎರಡು ಗಂಟೆಯ ಶಾಲಾಪೂರ್ವ ಕಲಿಕೆ ಇರಬೇಕು ಎನ್ನುತ್ತಿದೆ. ಆ ಎರಡು ಗಂಟೆಯನ್ನು ಫೋನಿನಿಂದ ಮುಕ್ತಗೊಳಿಸಿ ಆದೇಶ ಹೊರಡಿಸಲಿ. ಆ ಹೊತ್ತಿನಲ್ಲಿ ಯಾವ ಕಚೇರಿಯೂ ಕರೆ ಮಾಡಬಾರದು, ಫೋಟೊ ಕೇಳಬಾರದು, ಮೀಟಿಂಗಿನ ಲಿಂಕ್ ಕಳಿಸಬಾರದು. ಹಾಜರಿಯೂ ಊಟದ ವಿವರವೂ ಮಕ್ಕಳು ಮನೆಗೆ ಹೋದ ಮೇಲೆ ತುಂಬಿದರೆ ಸಾಕು, ನೆಟ್‌ವರ್ಕ್ ಇಲ್ಲದಿದ್ದರೆ ಆ್ಯಪ್ ತಾನೇ ಉಳಿಸಿಕೊಂಡು ಸಿಗ್ನಲ್ ಸಿಕ್ಕಾಗ ಕಳಿಸಲಿ. ಆ್ಯಪಿಗೆ ತುಂಬಿದ ಯಾವ ಮಾಹಿತಿಯನ್ನೂ ಮತ್ತೆ ರಿಜಿಸ್ಟರಿನಲ್ಲಿ ಕೇಳುವಂತಿಲ್ಲ ಎಂದು ಬರೆದು ಕೊಡಲಿ. ಮುಖ ಹೊಂದಲಿಲ್ಲವೆಂದು ಆಹಾರ ತಡೆಯುವ ಬದಲು, ಅದೇ ಊರಿನ ಟೀಚರ್ ‘ಇವಳು ನಮ್ಮವಳೇ’ ಎಂದು ಸಹಿ ಹಾಕಿದರೆ ಆಹಾರ ಕೊಡುವ ಅಧಿಕಾರ ಅವಳಿಗಿರಲಿ, ಪರಿಶೀಲನೆ ಆಮೇಲೆ ನಡೆಯಲಿ. ಪರದೆ ಕೊಳ್ಳಲು ಇಟ್ಟ ಹಣದಲ್ಲಿ ಪ್ರತಿ ಕೇಂದ್ರಕ್ಕೆ ಚಿತ್ರದ ಪುಸ್ತಕಗಳ ಒಂದು ಕಪಾಟು, ಮರದ ಆಟಿಕೆಗಳು, ಒಂದು ಸಣ್ಣ ಸ್ಪೀಕರ್ ಕೊಳ್ಳಬಹುದೇ ಎಂದು ಆಯಾ ಊರಿನ ಬಾಲವಿಕಾಸ ಸಮಿತಿ ಮತ್ತು ಟೀಚರನ್ನೇ ಕೇಳಲಿ. ಮೇಲ್ವಿಚಾರಕಿ ತಿಂಗಳಿಗೊಮ್ಮೆ ಬಂದಾಗ ಆ್ಯಪಿನಲ್ಲಿ ಎಷ್ಟು ಹಸಿರು, ಎಷ್ಟು ಕೆಂಪು ಎಂದು ನೋಡುವುದಕ್ಕೆ ಮೊದಲು ಅರ್ಧ ಗಂಟೆ ಚಾಪೆಯ ಮೇಲೆ ಕೂತು, ಈ ಟೀಚರ್ ಜೊತೆ ಎಷ್ಟು ಮಕ್ಕಳು ಬಾಯಿ ಬಿಟ್ಟು ಮಾತಾಡಿದರು ಎಂದು ಬರೆದುಕೊಳ್ಳಲಿ, ವರದಿಯ ಮೊದಲ ಸಾಲು ಅದೇ ಆಗಲಿ.